ಡ್ರಮ್ಮಿನ ನಡುವಿನ ಹಸಿ ತತ್ತಿ

"ಕುದಿಸಿದರೆ ಎಲ್ಲ ಸಾಯುತ್ತದೆ" ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಾಗಬೇಡಿ. "ಎಲ್ಲ ಅಂದರೆ ಯಾವುದೆಲ್ಲ?" ಎಂದು ಕೇಳಿ. ನಾನು ಹಾಗೆ ಕೇಳಿ ಬೈಸಿಕೊಂಡವಳು. ಬೈದವರು ಈಗಿಲ್ಲ, ನಾನಿದ್ದೇನೆ. ಅದಕ್ಕೇ ಧೈರ್ಯವಾಗಿ ಬರೆಯುತ್ತೇನೆ.

ನನ್ನ ತಂಗಿಯ ಮೊಮ್ಮಗಳು ನರ್ಸಿಂಗ್ ಕಲಿಯಲು ಸೇರಿದ್ದಾಳೆ. ಮೊನ್ನೆ ಗೆಳತಿಯರನ್ನು ಕಟ್ಟಿಕೊಂಡು ಬಂದವಳು, "ಅಜ್ಜಿ, ನಿಮ್ಮ ಕಾಲದಲ್ಲಿ ಆಟೋಕ್ಲೇವ್ ಇತ್ತಾ?" ಎಂದಳು. ಇತ್ತು, ಕಟ್ಟಿಗೆ ಒಲೆಯ ಮೇಲೆ ಕೂತಿತ್ತು ಎಂದೆ. ಹುಡುಗಿಯರು ಕಿಸಕ್ಕನೆ ನಕ್ಕರು. ನಗಲಿ ಪಾಪ, ನಗುವ ವಯಸ್ಸು. ಆದರೆ ಆ ಒಲೆಯ ಮುಂದೆ ಏನಾಯಿತೆಂದು ತಿಳಿದರೆ ತಮ್ಮ ಆಸ್ಪತ್ರೆಯ ಮಿರಿಮಿರಿ ಪೆಟ್ಟಿಗೆಯನ್ನೂ ಒಮ್ಮೆ ಅನುಮಾನದಿಂದ ನೋಡಿಯಾರು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಸಿದ್ದಾಪುರದ ಅಕ್ಕಸಾಲಿಗರ ಮನೆಯವಳು, ಹೆಸರು ರುಕ್ಮಿಣಿ. ನರ್ಸ್ ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ. ಅಲ್ಲಿ ನಮ್ಮ ಮೇಲಿದ್ದ ಮೇಟ್ರನ್ ಬಾಯಿಯವರಿಗೆ ಕ್ರಿಮಿ ಕೊಲ್ಲಲು ಹಾಕುವ ಕಾರ್ಬಾಲಿಕ್‌ನ ವಾಸನೆ ಎಂದರೆ ದೇವರ ಧೂಪವಿದ್ದ ಹಾಗೆ. ಬಾಗಿಲಲ್ಲಿ ನಿಂತು ಮೂಗು ಅರಳಿಸಿ ಎಳೆದುಕೊಂಡು, ವಾಸನೆ ಸಾಕಷ್ಟು ಬಂದರೆ "ಸ್ವಚ್ಛ ಅದ" ಎಂದು ಹೋಗಿಬಿಡುವರು. ಒಮ್ಮೆ ನಾನು, "ವಾಸನೆಗೆ ಮನುಷ್ಯರು ಓಡಿ ಹೋಗ್ತಾರೆ, ಕ್ರಿಮಿಗೆ ಮೂಗಿದೆಯಾ?" ಎಂದು ಕೇಳಿದೆ. ಆ ವಾರ ಪೂರ್ತಿ ಬೆಡ್‌ಪ್ಯಾನ್ ತೊಳೆಯುವ ಪಾಳಿ ನನ್ನದಾಯಿತು. ಪ್ರಶ್ನೆ ಮಾತ್ರ ತೊಳೆದು ಹೋಗಲಿಲ್ಲ.

ಮೂವತ್ತರ ದಶಕದಲ್ಲಿ ಶಿರಸಿಗೆ ಬಂದೆ. ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ಸಣ್ಣ ಧರ್ಮಾಸ್ಪತ್ರೆ ಅದು. ಈಗ ಅದಿಲ್ಲ, ಹೆಸರು ಹೇಳುವ ಅಗತ್ಯವೂ ಇಲ್ಲ. ಒಂದು ಗಂಡಸರ ವಾರ್ಡು, ಒಂದು ಹೆಂಗಸರ ವಾರ್ಡು, ನಡುವೆ ಆಪರೇಶನ್ ಕೋಣೆ. ಡಾಕ್ಟರು ಧಾರವಾಡ ಕಡೆಯವರು, ಇನಾಮದಾರ ಎಂದು. ಮಹಾ ಸಿಡುಕ. ಕತ್ತರಿ ಕೊಡುವುದು ಅರೆಗಳಿಗೆ ತಡವಾದರೆ ಅವರ ಬಾಯಿಂದ ಬರುತ್ತಿದ್ದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆದರೆ ಒಂದು ಗುಣವಿತ್ತು. ಪ್ರಶ್ನೆ ಕೇಳಿದವರ ಮೇಲೆ ಅವರು ಸಿಡುಕುತ್ತಿರಲಿಲ್ಲ.

ನಾನು ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಅವರು ಒಂದು ಹಿಡಿ ಭತ್ತದ ಹುಲ್ಲು ಹಿಡಿದುಕೊಂಡು ಬಂದರು. ಎತ್ತಿಗೆ ಹಾಕಲು ಹೊರಟವರಂತೆ ಕಾಣುತ್ತಿದ್ದರು.

"ರುಕ್ಮಿಣಿಬಾಯಿ, ಇದನ್ನ ಕತ್ತರಿಸಿ ನೀರಾಗ ಹಾಕಿ ಕುದಸ್ರಿ. ಸೋಸಿ ಎರಡು ಶೀಸೆದಾಗ ತುಂಬ್ರಿ. ಮತ್ತ ಶೀಸೆ ಸಮೇತ ಕುದಸ್ರಿ. ಬಾಯಿಗೆ ಹತ್ತಿ ಗಿಡೀರಿ. ಆಮ್ಯಾಲೆ ನೋಡೂಣಂತ."

ಹಾಗೇ ಮಾಡಿದೆ. ಚಹಾದ ಬಣ್ಣದ ತಿಳಿನೀರು. ಒಂದು ಶೀಸೆಯನ್ನು ಕಿಟಕಿಯಲ್ಲಿ ಹಾಗೇ ಬಿಟ್ಟೆವು. ಇನ್ನೊಂದನ್ನು ಮರುದಿನವೂ ಅದರ ಮರುದಿನವೂ ಮತ್ತೆ ಕುದಿಸಿದೆವು. ಒಂದೇ ಸಲ ಕುದಿಸಿದ ಶೀಸೆಯ ನೀರು ಸ್ವಲ್ಪ ದಿನದಲ್ಲೇ ಕದಡಿ, ಮೇಲೆ ತೆಳ್ಳಗೆ ಸುಕ್ಕು ಸುಕ್ಕಾದ ಪೊರೆ ಕಟ್ಟಿತು. ಮೂರು ದಿನ ಕುದಿಸಿದ್ದು ತಿಳಿಯಾಗಿಯೇ ಉಳಿಯಿತು.

"ಹತ್ತಿ ಗಿಡಿದಿದ್ದೆವಲ್ಲ, ಹೊರಗಿಂದ ಏನೂ ಹೋಗಲಿಲ್ಲ. ಹಾಗಾದರೆ ಕುದಿಯುವ ನೀರಲ್ಲೂ ಸಾಯದೆ ಯಾವುದೋ ಒಳಗೇ ಕೂತಿತ್ತು?" ಎಂದು ಕೇಳಿದೆ.

ಡಾಕ್ಟರ ಮುಖ ಅರಳಿತು. "ಹೌದಲ್ಲ! ಅದು ಬೀಜಾಣು. ಕ್ರಿಮಿಗೆ ಕಷ್ಟ ಬಂದಾಗ ಒಳಗ ತನ್ನ ಜೀವ ಗಂಟು ಕಟಗೊಂಡು, ಮ್ಯಾಲೆ ಚಿಪ್ಪು ಹಾಕ್ಕೊಂಡು ಕುಂಡರತೈತಿ. ನೀರಿಲ್ಲದಂಗ ಒಣಗಿ ಕುಂಡರತೈತಿ. ಫಿನಾಯಿಲ್ ಹಾಕ್ರಿ, ಕುದಸ್ರಿ, ಒಣಗಸ್ರಿ, ಅದಕ್ಕೇನೂ ಆಗೂದಿಲ್ಲ. ಕಾಯತೈತಿ."

"ಮೂರು ದಿನ ಕುದಿಸಿದರೆ ಸಾಯುವುದು ಯಾಕೆ?"

"ನೀವೇ ಹೇಳ್ರಿ."

ಅಡುಗೆ ಮನೆಯಲ್ಲಿ ಹೆಸರುಕಾಳು ತೊಳೆಯುತ್ತ ಅದೇ ಯೋಚನೆ ಮಾಡಿದೆ. ಒಣ ಕಾಳು ಬೇಯಲು ಎಷ್ಟು ಸತಾಯಿಸುತ್ತದೆ! ಅದೇ ಮೊಳಕೆ ಬರಿಸಿದರೆ ಒಂದು ಕುದಿಗೆ ಮೆತ್ತಗಾಗುತ್ತದೆ. ಬೀಜಾಣುವೂ ಅಷ್ಟೆ. ಮೊದಲ ದಿನದ ಕುದಿಗೆ ಸಾಯದ್ದು, ನೀರು ಬೆಚ್ಚಗಿದ್ದಾಗ ಇನ್ನು ಭಯವಿಲ್ಲವೆಂದು ಮೊಳೆಯುತ್ತದೆ. ಮೊಳೆತ ಮೇಲೆ ಕುದಿಸಿದರೆ ಮುಗಿಯಿತು. ಹಿಂದೆ ಬಿದ್ದ ಸೋಮಾರಿಗಳಿಗೆ ಮೂರನೆಯ ದಿನ. ಮರುದಿನ ಹೇಳಿದಾಗ ಡಾಕ್ಟರು ತೊಡೆ ತಟ್ಟಿ ನಕ್ಕರು. ಈ ಉಪಾಯ ಸಾರವಿರುವ ನೀರಿಗಾಯಿತು, ಅಲ್ಲಿ ಮೊಳೆಯಲು ಆಹಾರವಿದೆ. ಒಣ ಬಟ್ಟೆಯಲ್ಲಿ ಕೂತ ಬೀಜಾಣು ಮೊಳೆಯುವುದೇ ಇಲ್ಲ. ಅದಕ್ಕೆ ಕುದಿಯುವ ನೀರಿಗಿಂತಲೂ ಬಿಸಿಯಾದ, ಒತ್ತಡದಲ್ಲಿ ಹಿಡಿದಿಟ್ಟ ಆವಿಯೇ ಬೇಕು, ಆ ಆವಿ ಅದನ್ನು ಹೋಗಿ ಮುಟ್ಟಲೂ ಬೇಕು. ಈ ಕಡೆಯ ಮಾತನ್ನು ಡಾಕ್ಟರೂ ಹೇಳಿದ್ದರು, ನಾನೂ ಕೇಳಿದ್ದೆ. ಕೇಳಿದ್ದೆಲ್ಲ ತಲೆಗೆ ಹೋಗುತ್ತದೆಯೇ?

ಒತ್ತಡದ ಆವಿಯ ಪೆಟ್ಟಿಗೆ, ಅಂದರೆ ಹುಡುಗಿಯರು ಕೇಳಿದ ಆಟೋಕ್ಲೇವ್, ನಮ್ಮಲ್ಲಿತ್ತು. ತಾಮ್ರದ ದೊಡ್ಡ ಹಂಡೆ, ತಿರುಪಿನ ಮುಚ್ಚಳ, ಮೇಲೆ ಒತ್ತಡ ತೋರಿಸುವ ಮುಳ್ಳು. ಆಪರೇಶನ್ನಿನ ಬಟ್ಟೆ, ಗಾಯಕ್ಕೆ ಕಟ್ಟುವ ಪಟ್ಟಿ, ಹತ್ತಿ ಎಲ್ಲವನ್ನೂ ಪಕ್ಕದಲ್ಲಿ ತೂತುಗಳಿರುವ ತಗಡಿನ ಡ್ರಮ್ಮಿಗೆ ತುಂಬಿ ಅದರೊಳಗೆ ಇಳಿಸಬೇಕು. ಈ ಕೆಲಸ ಬುಡನ್‌ಸಾಬನದು.

ಬುಡನ್‌ಸಾಬ ಶಿರಸಿಯವನೇ. ಅವನ ಮನೆತನದ ಅರ್ಧ ಜನ ಗಾಡಿ ಹೊಡೆಯುವವರು, ಅರ್ಧ ಜನ ಅಡಿಕೆ ವಖಾರದಲ್ಲಿ ಚೀಲ ತುಂಬುವವರು. ಇವನು ಚೀಲ ತುಂಬುವುದರಲ್ಲಿ ಎತ್ತಿದ ಕೈ. ಅಡಿಕೆ ಚೀಲ ಸಡಿಲವಿದ್ದರೆ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಅಡಿಕೆ ಅಡಿಕೆಗೆ ತಿಕ್ಕಿ ಹೊಳಪು ಹೋಗುತ್ತದೆ, ಕುಮಟೆಯಲ್ಲಿ ಕೊಳ್ಳುವವರು ಮೂಗು ಮುರಿಯುತ್ತಾರೆ. ಅದಕ್ಕೇ ಚೀಲವನ್ನು ನೆಲಕ್ಕೆ ಕುಟ್ಟಿ, ಕೋಲಿನಿಂದ ಜಡಿದು, ಮೊಣಕಾಲು ಊರಿ ತುಂಬುತ್ತಾರೆ. ಬೆನ್ನು ನೋವೆಂದು ವಖಾರ ಬಿಟ್ಟು ಆಸ್ಪತ್ರೆಗೆ ಬಂದ ಬುಡನ್‌ಸಾಬ ತನ್ನ ವಿದ್ಯೆಯನ್ನೂ ಜೊತೆಗೇ ತಂದ. ಎರಡು ಡ್ರಮ್ಮಿನ ಬಟ್ಟೆಯನ್ನು ಒಂದೇ ಡ್ರಮ್ಮಿಗೆ ತುಂಬಿ ತೋರಿಸಿದ.

"ನೋಡ್ರಿ ನರ್ಸಮ್ಮ, ನಾ ತುಂಬಿದ್ದು ಕುಮಟೆತನಕ ಹೋದ್ರೂ ಅಳ್ಳಾಡೂದಿಲ್ಲ!"

ಡಾಕ್ಟರು ನೋಡಿ, "ಭೇಷ್! ಅರ್ಧ ಕಟಗಿ ಉಳೀತು" ಎಂದು ಬೆನ್ನು ತಟ್ಟಿದರು. ಅಷ್ಟು ಒಳ್ಳೆಯ ಮಾತು ಅವರ ಬಾಯಿಂದ ನನಗೂ ಬಂದದ್ದಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಆಮೇಲೆ ಬಂದವನು ವೆಂಕ್ಟ. ಮಾಗೋಡು ಕಡೆಯ ಕಾಡಿನಿಂದ ನಾಟಾ, ಕಡಿದ ಮರದ ದಿಮ್ಮಿ, ಎಳೆಯುವ ಆಳು, ಹರ್ನಿಯಾಕ್ಕೆ ಬಂದಿದ್ದ. ಆಪರೇಶನ್ ಚೆನ್ನಾಗಿ ಆಯಿತು. ಗಾಯಕ್ಕೆ ಕೀವಿಲ್ಲ, ಜ್ವರವಿಲ್ಲ. ಮನೆಗೆ ಹೋಗುವ ಮಾತು ಶುರುವಾಗಿತ್ತು. ಒಂದು ಬೆಳಿಗ್ಗೆ ಗಂಜಿ ಕೊಟ್ಟರೆ ಚಮಚ ಹಲ್ಲಿಗೆ ತಾಗಿ ನಿಂತಿತು.

"ನರ್ಸಮ್ಮ, ದವಡೆ ಹಿಡ್ಕಂಡಂಗೆ ಆಗದೆ. ಬಿಡೂಕೇ ಬರ್ತಿಲ್ಲ" ಎಂದು ಹಲ್ಲಿನ ಸಂದಿಯಿಂದಲೇ ಹೇಳಿ ನಾಚಿಕೊಂಡು ನಕ್ಕ.

ಅದು ನಗುವಾಗಿರಲಿಲ್ಲ. ಧನುರ್ವಾಯುವಿನಲ್ಲಿ ಮುಖದ ಸ್ನಾಯುಗಳು ಎಳೆದುಕೊಂಡು ಹಾಗೆ ಕಾಣುತ್ತದೆ. ಡಾಕ್ಟರು ಒಂದು ಸಲ ನೋಡಿ ಹೊರಗೆ ಹೋಗಿ ಗೋಡೆಗೆ ಕೈ ಕೊಟ್ಟು ನಿಂತರು. ವಿಷ ತಡೆಯುವ ಸೀರಮ್ ತರಿಸಿದೆವು, ಕೋಣೆ ಕತ್ತಲು ಮಾಡಿದೆವು, ಬಾಗಿಲ ಕೀಲಿಗೆ ಎಣ್ಣೆ ಬಿಟ್ಟೆವು. ಸಣ್ಣ ಸದ್ದಾದರೂ ಅವನ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಎಚ್ಚರ ತಪ್ಪದೆ, ಎಲ್ಲ ತಿಳಿಯುತ್ತ ಸತ್ತ. ನನ್ನ ಸರ್ವಿಸಿನಲ್ಲಿ ಬೇಕಾದಷ್ಟು ಸಾವು ಕಂಡಿದ್ದೇನೆ. ಇಂಥದ್ದು ಇನ್ನೊಂದಿಲ್ಲ.

ಧನುರ್ವಾಯುವಿನ ಕ್ರಿಮಿ ಸೆಗಣಿ ಬಿದ್ದ ಮಣ್ಣಿನಲ್ಲಿ, ಧೂಳಿನಲ್ಲಿ ಬೀಜಾಣುವಾಗಿ ಕೂತಿರುತ್ತದೆ. ನಾಟಾ ಎಳೆಯುವವನಿಗೆ ಕಾಲಿಗೆ ಚಕ್ಕೆ ಚುಚ್ಚಿ ಬಂದಿದ್ದರೆ ಅದು ಅವನ ಹಣೆಬರಹ. ಆದರೆ ಅವನ ಮೈಮೇಲೆ ನಾವು ಮಾಡಿದ ಗಾಯವಲ್ಲದೆ ಬೇರೆ ಒಂದು ಗೀರೂ ಇರಲಿಲ್ಲ.

ಡಾಕ್ಟರು ಆಪರೇಶನ್ ಕೋಣೆಗೆ ಬೀಗ ಹಾಕಿ ಬೀಗದಕೈಯನ್ನು ಕೋಟಿನ ಜೇಬಿಗೆ ಇಳಿಸಿದರು. "ಎಲ್ಲಿಂದ ಬಂತು ಅಂತ ತಿಳಿಯೂತನಕ ನಾ ಇಲ್ಲಿ ಚಾಕು ಹಿಡ್ಯಾಂವಲ್ಲ."

ಅಷ್ಟರಲ್ಲಿ ಹೆಂಗಸರ ವಾರ್ಡಿನಲ್ಲಿ ಹೆಗಡೆಕಟ್ಟಾದ ಮಾದೇವಿಯಮ್ಮ ಆಪರೇಶನ್ನಿಗೆಂದು ಬಂದು ಮಲಗಿಯಾಗಿತ್ತು. ಮಲಗಿ ಎಂದೆ, ಆಕೆಗೆ ಮಲಗಲು ಎಲ್ಲಿ ಬರುತ್ತಿತ್ತು? ಅಂಡಾಶಯದ ಗಡ್ಡೆ ಹೊಟ್ಟೆ ತುಂಬ ಬೆಳೆದು ಎದೆಗೆ ಒತ್ತಿ, ದಿಂಬುಗಳಿಗೆ ಒರಗಿ ಕೂತೇ ಉಸಿರಾಡಬೇಕಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ಬಸ್ಸಿನ ಕುಲುಕಾಟಕ್ಕೆ ದಾರಿಯಲ್ಲೇ ಉಸಿರು ನಿಂತೀತೆಂದು ಡಾಕ್ಟರಿಗೆ ಭಯ. ಇಲ್ಲಿ ತೆರೆಯುವಂತಿಲ್ಲ, ಅಲ್ಲಿಗೆ ಕಳಿಸುವಂತಿಲ್ಲ. ಗಡ್ಡೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿತ್ತು.

ಆಕೆಯಿಂದ ಏನನ್ನೂ ಮುಚ್ಚಿಡುವಂತಿರಲಿಲ್ಲ. ಐವತ್ತರ ಹೆಂಗಸು, ಕಣ್ಣು ಹದ್ದಿನದು. ಕೋಣೆಗೆ ಬೀಗ ಬಿದ್ದ ದಿನವೇ ಕೇಳಿದಳು.

"ನರ್ಸಮ್ಮ, ಆ ಮಾಗೋಡಿನಂವ ಎಂತಕ್ಕೆ ಸತ್ತ? ಖರೆ ಹೇಳು. ಆನು ಹೆದರ್ತೆ ಹೇಳಿ ಸುಳ್ಳು ಹೇಳಡ."

ಹೇಳಿದೆ. ಬೀಜಾಣುವಿನ ಕತೆಯನ್ನೂ ಹೇಳಿದೆ.

"ಕುದಿಸಿರೂ ಸಾಯ್ತಿಲ್ಯಾ! ನಮ್ಮನೆ ಅತ್ತೆಯಂತದೇ ಆತು" ಎಂದು ನಗಲು ಹೋಗಿ ಏದುಸಿರು ಬಂದು ದಿಂಬು ಹಿಡಿದುಕೊಂಡಳು. ಸುಧಾರಿಸಿಕೊಂಡು, "ಹುಡುಕಿ ತೆಗೀರಿ ಮಾರಾಯ್ತಿ. ಆನು ಕಾಯ್ತೆ. ಇದು ಕಾಯ್ತಿಲ್ಲೆ" ಎಂದು ಹೊಟ್ಟೆ ತೋರಿಸಿದಳು.

ಹುಡುಕುವುದು ಹೇಗೆ? ಕಣ್ಣಿಗೆ ಕಾಣುವುದಿಲ್ಲ, ಮೂಸಿದರೆ ವಾಸನೆಯಿಲ್ಲ. ಡಾಕ್ಟರಿಗೆ ಆ ಹುಲ್ಲಿನ ನೀರು ನೆನಪಾಯಿತು. ಧನುರ್ವಾಯುವಿನ ಬೀಜಾಣು ಗಾಳಿಯಾಡುವ ಶೀಸೆಯಲ್ಲಿ ಬೆಳೆಯುವುದಿಲ್ಲ, ಹುಲ್ಲಿನದು ಬೆಳೆಯುತ್ತದೆ. ಎರಡರ ಮೊಂಡುತನವೂ ಹೆಚ್ಚುಕಡಿಮೆ ಒಂದೇ ಜಾತಿಯದು. ಹುಲ್ಲಿನದು ಎಲ್ಲಿ ಬದುಕಿ ಉಳಿಯುತ್ತದೋ ಅಲ್ಲಿ ಇನ್ನೊಂದೂ ಉಳಿದೀತು. ಹುಲ್ಲುನೀರಿನ ಶೀಸೆಗಳನ್ನು ಮೂರು ದಿನ ಕುದಿಸಿ ಸಿದ್ಧಮಾಡಿದೆ. ಬಿಸಿಲು ಬೀಳುವ ಕಿಟಕಿ ಹೆಂಗಸರ ವಾರ್ಡಿನಲ್ಲೇ ಇದ್ದದ್ದರಿಂದ ಅಲ್ಲೇ ಸಾಲಾಗಿ ಇಟ್ಟೆವು. ಒಂದಕ್ಕೆ ಹೊಲಿಗೆಯ ದಾರದ ತುಂಡು. ಒಂದಕ್ಕೆ ಚಿಮಟದ ತುದಿ ಅದ್ದಿದ್ದು. ಒಂದಕ್ಕೆ ಡ್ರಮ್ಮಿನ ಮೇಲ್ಪದರದ ಬಟ್ಟೆಯ ಎಳೆ, ಇನ್ನೊಂದಕ್ಕೆ ನಡುವಿನ ಎಳೆ. ಒಂದಕ್ಕೆ ಏನನ್ನೂ ಹಾಕದೆ ಬರೀ ಹತ್ತಿ ತೆಗೆದು ಮುಚ್ಚಿದ್ದು, ನಮ್ಮ ಕೈಯ ತಪ್ಪು ತಿಳಿಯಲಿ ಎಂದು.

ಮಾದೇವಿಯಮ್ಮನಿಗೆ ಅದೇ ಕೆಲಸವಾಯಿತು. ಬೆಳಗಾದರೆ ಶೀಸೆ ನೋಡುವುದು. ಗಂಡ ಗಣಪತಿ ಹೆಗಡೆಯವರು ಬಂದರೆ ಅವರಿಗೂ ತೋರಿಸುವುದು. ಆ ಸಾಧು ಮನುಷ್ಯ ಔಷಧಿಯೇ ಇರಬೇಕೆಂದು ಕೈಮುಗಿದು ಹೋದರು.

"ನರ್ಸಮ್ಮ, ಬಾ ಇಲ್ಲಿ! ಕಡೇ ಶೀಸೆಯ ಬದಿಗಿದ್ದದ್ದು ನೋಡು. ಕೆನೆ ಕಟ್ಟಿದ್ದು!"

ಓಡಿ ಹೋಗಿ ನೋಡಿದೆ. ಡ್ರಮ್ಮಿನ ನಡುವಿನ ಎಳೆ. ಉಳಿದದ್ದೆಲ್ಲ ತಿಳಿಯಾಗಿತ್ತು. ನನಗಾದದ್ದು ಹೆದರಿಕೆಯೋ ಸಂತೋಷವೋ ಹೇಳಲಾರೆ. ಇಷ್ಟು ದಿನ ಬರೀ ಹೆಸರಾಗಿದ್ದ ಶತ್ರು ಇಲ್ಲಿದ್ದೇನೆಂದು ಕೈ ಎತ್ತಿದಂತಾಯಿತು.

ಬಟ್ಟೆಗೆ ಎಲ್ಲಿಂದ ಬಂತೆಂಬುದು ಕಷ್ಟದ ಪ್ರಶ್ನೆಯಲ್ಲ. ಒಗೆದ ಬಟ್ಟೆಯನ್ನು ಹಿತ್ತಲ ಹುಲ್ಲಿನ ಮೇಲೆ ಹರವುತ್ತಿದ್ದೆವು. ಊರಿನ ದನಗಳಿಗೂ ಆ ಹಿತ್ತಲೇ ಬೇಕು. ಹಾಗೆ ಬಂದದ್ದು ಆವಿಯಲ್ಲಿ ಸಾಯಲಿಲ್ಲ ಏಕೆ ಎಂಬುದೇ ಪ್ರಶ್ನೆ.

ಡಾಕ್ಟರು ನೇರ ಬುಡನ್‌ಸಾಬನ ಮೇಲೆ ಏರಿದರು. "ಬೆಂಕಿ ನಡುವ ಬಿಟ್ಟು ಬೀಡಿ ಸೇದಾಕ ಹೋಗಿಯೇನಲೇ?"

"ಖುದಾ ಕಸಮ್ ಸಾಹೇಬ್ರೆ! ಮುಳ್ಳು ಗುರ್ತಿಂದ ಕೆಳಗೆ ಇಳದಿದ್ರೆ ನನ್ನ ಕೈ ಕಡೀರಿ. ಒಲೆ ಬಿಟ್ಟು ಏಳೂದಿಲ್ಲ ನಾನು."

"ಹಂಗಾರ ಅದು ತಾನಾಗೇ ಬದುಕಿತೇನು?"

ಇಬ್ಬರ ನಡುವೆ ನಾನು ಹೋದೆ. ಮುಂದಿನ ಸಲ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ನಾನೇ ಕೂತೆ. ಮುಳ್ಳು ಗುರುತಿನಲ್ಲೇ ಅಂಟಿದಂತೆ ನಿಂತಿತ್ತು. ಬುಡನ್‌ಸಾಬ ಹೇಳಿದ್ದು ಖರೆ. ಆದರೂ ನಡುವಿನ ಎಳೆ ಹಾಕಿದ ಶೀಸೆಗೆ ಮತ್ತೆ ಕೆನೆ ಕಟ್ಟಿತು. ಡಾಕ್ಟರು ತಲೆ ಮೇಲೆ ಕೈ ಹೊತ್ತರು. ಮಾದೇವಿಯಮ್ಮನ ತುಟಿಗೆ ನೀಲಿ ಬಣ್ಣ ಬರತೊಡಗಿತ್ತು, ಮಾತು ಎರಡೆರಡೇ ಶಬ್ದಕ್ಕೆ ತುಂಡಾಗುತ್ತಿತ್ತು.

ಉಪಾಯ ಹೊಳೆದದ್ದು ನನಗೆ ಊಟದ ಹೊತ್ತಿಗೆ. ಯಾರೋ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ತಂದುಕೊಟ್ಟಿದ್ದರು. ನನ್ನ ಪಾಲಿಗೆ ಬಂದದ್ದು ಹಸಿಹಸಿ. ಚಿಕ್ಕವಳಿದ್ದಾಗ ಆವಿಯಲ್ಲಿ ಬೇಯಿಸುವ ಪಾತ್ರೆಯಲ್ಲಿ ಕೊಟ್ಟೆಗಳನ್ನು ಒತ್ತೊತ್ತಾಗಿ ಇಟ್ಟದ್ದಕ್ಕೆ ಅವ್ವ ತಲೆಗೆ ಮೊಟಕಿದ್ದು ನೆನಪಾಯಿತು. "ಆವಿ ಹೋಗೂಕೆ ದಾರಿ ಬಿಡಬೇಕು ಹುಡುಗಿ! ನಡುವಿನದು ಬೇಯೂದು ಹ್ಯಾಗೆ?" ಎಲೆ ಬಿಟ್ಟು ಎದ್ದುಬಿಟ್ಟೆ.

"ಬುಡನ್‌ಸಾಬ, ನಿಮ್ಮ ಮನೆ ಕೋಳಿ ತತ್ತಿ ಇಡ್ತದಾ?"

"ಇಡ್ತದೆ. ಯಾಕ್ರಿ?"

"ಎರಡು ತಾ. ಯಾಕೆ ಅಂತ ಕೇಳ್ಬೇಡ."

ಅವನು ಟೊಪ್ಪಿಗೆಯಲ್ಲಿ ಇಟ್ಟುಕೊಂಡು ತಂದ. ಎಂದಿನಂತೆ ಡ್ರಮ್ಮು ತುಂಬು ಎಂದೆ. ಒಂದು ತತ್ತಿಯನ್ನು ತೂತಿನ ಪಕ್ಕ, ಇನ್ನೊಂದನ್ನು ನಟ್ಟನಡುವೆ ಹತ್ತಿಯಲ್ಲಿ ಸುತ್ತಿ ಇಟ್ಟೆ. ಜಡಿಯುವಾಗ ಅದು ಒಡೆಯದಂತೆ ಬುಡನ್‌ಸಾಬ ಸುತ್ತಲೂ ಬಟ್ಟೆಯನ್ನು ಎಷ್ಟು ಹುಷಾರಾಗಿ ಬಿಗಿದನೆಂದರೆ, ಆ ಕೈಯ ಹದ ನೋಡಿ ನನಗೇ ಮೆಚ್ಚಿಗೆಯಾಯಿತು. ಹಂಡೆ ಏರಿತು, ಮುಳ್ಳು ಏರಿತು, ಹೊತ್ತು ಮುಗಿಯಿತು, ತಣಿಯಿತು.

ತೆಗೆದ ತತ್ತಿಗಳನ್ನು ಎನಾಮಲ್ ತಟ್ಟೆಯಲ್ಲಿಟ್ಟೆ. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. "ನಾ ಮುಟ್ಟಾಂವಲ್ಲ. ನೀವೇ ಒಡೀರಿ." ಹೊಟ್ಟೆ ಕೊಯ್ದು ಕರುಳಿಗೆ ಕೈಹಾಕುವ ಮನುಷ್ಯ, ತತ್ತಿಗೆ ಮಡಿ!

ತೂತಿನ ಪಕ್ಕದ್ದು ಕಲ್ಲಿನ ಹಾಗೆ ಬೆಂದಿತ್ತು. ನಡುವಿನದನ್ನು ತಟ್ಟೆಯ ಅಂಚಿಗೆ ಬಡಿದೆ. ಲೋಳೆ ಹರಿದು, ಹಳದಿ ದುಂಡಗೆ ಅಲುಗುತ್ತ ಕೂತಿತು. ಈಗ ತಾನೇ ಕೋಳಿ ಇಟ್ಟು ಹೋದ ಹಾಗೆ.

ಹತ್ತಿ, ಬಟ್ಟೆ ಬಿಗಿದ ಆ ಡ್ರಮ್ಮಿನ ನಡುವೆ ಹಳೆಯ ಗಾಳಿಯೇ ಸಿಕ್ಕಿಕೊಂಡು ಕೂತಿತ್ತು. ಆವಿ ಒಳಗೆ ಹೋಗಲೇ ಇಲ್ಲ. ಮುಳ್ಳು ಹಂಡೆಯ ಸತ್ಯ ಹೇಳುತ್ತಿತ್ತು, ಡ್ರಮ್ಮಿನ ಸತ್ಯವನ್ನಲ್ಲ.

ಬುಡನ್‌ಸಾಬ ತಟ್ಟೆಯನ್ನೇ ನೋಡುತ್ತಿದ್ದ. ನಿಧಾನವಾಗಿ ಕೇಳಿದ. "ಹಂಗಾದ್ರೆ ನಾ ಗಟ್ಟಿ ತುಂಬಿದ್ದಕ್ಕೇ ಆ ವೆಂಕ್ಟ ಸತ್ತನಾ ನರ್ಸಮ್ಮ?"

ಡಾಕ್ಟರು ಹೇಳಿದರು. "ನೀ ತುಂಬಿದಿ. ಭೇಷ್ ಅಂದಾಂವ ನಾನು. ಆವಿ ಮುಟ್ಟಬೇಕು ಅನ್ನೂದು ನನಗ ಗೊತ್ತಿತ್ತು, ನಿನಗ ಗೊತ್ತಿರಲಿಲ್ಲ. ಅದು ನನ್ನ ತಲೀ ಮ್ಯಾಲಿಂದು, ನಿಂದಲ್ಲ." ಸಿಡುಕು ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಬುಡನ್‌ಸಾಬ ಟೊಪ್ಪಿಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ ಕೂತ.

ಡ್ರಮ್ಮನ್ನು ಹೊಸದಾಗಿ ತುಂಬಲು ಕಲಿತೆವು. ಬಟ್ಟೆಯನ್ನು ಒಂದರ ಮೇಲೊಂದು ಒಟ್ಟದೆ ಪುಸ್ತಕದಂತೆ ನಿಲ್ಲಿಸಿ, ಪದರಗಳ ನಡುವೆ ಅಂಗೈ ಸಲೀಸಾಗಿ ಹೋಗುವಂತೆ ಇಡುವುದು. ತೂತುಗಳನ್ನು ಮುಚ್ಚದಿರುವುದು. ಹಂಡೆಯ ಗಾಳಿಯೆಲ್ಲ ಮುಚ್ಚಳದ ಸಣ್ಣ ನಲ್ಲಿಯಿಂದ ಹೊರಟು ಬರೀ ಆವಿ ಬರುವವರೆಗೆ ಕಾದು ಆಮೇಲೆ ನಲ್ಲಿ ಮುಚ್ಚುವುದು. ಈಗಿನವರಿಗೆ ಬಣ್ಣ ಬದಲಾಗುವ ಪಟ್ಟಿ ಬಂದಿದೆ, ಬೀಜಾಣುಗಳನ್ನೇ ಅಂಟಿಸಿದ ಕಾಗದ ಬಂದಿದೆ. ನಮ್ಮದು ತತ್ತಿ. ಈ ಸಲ ನಡುವಿನದೂ ಕಲ್ಲಾಯಿತು. ನಾನು ಕುಣಿಯುವುದೊಂದು ಬಾಕಿ. ಡಾಕ್ಟರು ತಡೆದರು.

"ತಡೀರಿ. ತತ್ತಿ ಬೇಯಲಿಲ್ಲಂದ್ರ ಬೀಜಾಣು ಸಾಯಲಿಲ್ಲ ಅನ್ನೂದು ಖಾತ್ರಿ. ತತ್ತಿ ಬೆಂತು ಅಂದ್ರ ಸತ್ತಾವು ಅಂತ ಅಲ್ಲ. ಅವು ತತ್ತಿಗಿಂತ ಭಾಳ ಗಟ್ಟಿ ಅದಾವ. ಶೀಸೆ ಏನ ಹೇಳತಾವ ಕೇಳೂಣು."

ಇದನ್ನು ನೀವು ಬರೆದಿಟ್ಟುಕೊಳ್ಳಿ. ಬಿಸಿ ಮುಟ್ಟಿತೆನ್ನುವುದು ಒಂದು, ಸತ್ತಿತೆನ್ನುವುದು ಇನ್ನೊಂದು.

ಶೀಸೆಗಳು ಮತ್ತೆ ಕಿಟಕಿಗೆ ಏರಿದವು. ಮಾದೇವಿಯಮ್ಮನಿಗೆ ಕತ್ತು ತಿರುಗಿಸುವುದೂ ಕಷ್ಟವಾಗಿತ್ತು. ಮಂಚವನ್ನೇ ಕಿಟಕಿಯತ್ತ ತಿರುಗಿಸಿಕೊಟ್ಟೆ. ದಿನ ಕಳೆಯಿತು, ಮತ್ತೊಂದು ಕಳೆಯಿತು. ಪ್ರತಿ ಸಲ ನಾನು ಬಂದಾಗಲೂ ಬೆರಳಾಡಿಸಿ ಕೆನೆಯಿಲ್ಲವೆಂದು ಹೇಳುವಳು. ಇನ್ನು ಕಾದರೆ ಆಪರೇಶನ್ ತಾಳಲಾರಳು ಎನ್ನುವ ದಿನ ಡಾಕ್ಟರು ಶೀಸೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ, ಜೇಬಿನಿಂದ ಬೀಗದಕೈ ತೆಗೆದರು.

ಆಗ ಹೊಸ ತೊಡಕು. ಬುಡನ್‌ಸಾಬ ಡ್ರಮ್ಮು ಮುಟ್ಟಲು ಒಪ್ಪಲಿಲ್ಲ.

"ಬ್ಯಾಡ್ರಿ ನರ್ಸಮ್ಮ. ನೀವೇ ತುಂಬ್ರಿ. ಈ ಕೈ ಒಬ್ಬನ್ನ ತಿಂದದೆ."

ನಾನೇ ತುಂಬಬಹುದಿತ್ತು. ವಾರ್ಡಿನ ಬಾಗಿಲಲ್ಲೇ ಈ ಮಾತು ನಡೆದದ್ದರಿಂದ ಮಾದೇವಿಯಮ್ಮನಿಗೆ ಕೇಳಿಸಿತು. ಕೈಸನ್ನೆ ಮಾಡಿ ಅವನನ್ನು ಕರೆದಳು. ಅವನು ಹೊಸ್ತಿಲಲ್ಲೇ ನಿಂತ.

"ಬುಡನ್‌ಸಾಬ… ಎನಗೆ ಹಾಕೂ ಬಟ್ಟೆ… ನೀನೇ ತುಂಬಕು." ಉಸಿರು ಎಳೆದುಕೊಂಡಳು. "ಬೇರೆಯವ್ವು… ಮರ್ತಿಕ್ಕು. ನೀನು… ಈ ಜನ್ಮದಲ್ಲಿ… ಮರೀತಿಲ್ಲೆ."

ಅವನು ಹೋಗಿ ಕೈ ತೊಳೆದುಕೊಂಡ. ಒಂದೊಂದು ಬಟ್ಟೆಯನ್ನೂ ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ನಿಲ್ಲಿಸಿ, ಪ್ರತಿ ಸಂದಿಗೂ ಅಂಗೈ ಇಳಿಸಿ ನೋಡಿದ. ನಾನು ಕದ್ದು ನೋಡುತ್ತ ನಿಂತಿದ್ದೆ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಈಗ ಮುಚ್ಚಿಟ್ಟು ಏನು ಮಾಡಲಿ?

ಆಪರೇಶನ್ ಆಯಿತು. ಮೊಗೆ ಸೌತೆಕಾಯಿಯಷ್ಟಲ್ಲ, ದೊಡ್ಡ ಕುಂಬಳಕಾಯಿಯಷ್ಟು ಗಡ್ಡೆ. ಆಚೆ ಕಡೆ ಗಣಪತಿ ಹೆಗಡೆಯವರು ಬಾಗಿಲಿಗೇ ಕೈಮುಗಿದು ಕೂತಿದ್ದರು. ಮಾದೇವಿಯಮ್ಮನಿಗೆ ಎಚ್ಚರವಾದಾಗ ಮೊದಲ ಸಲ ಬೆನ್ನು ಹಾಸಿಗೆಗೆ ತಾಗಿಸಿ ಅಂಗಾತ ಮಲಗಿ, "ಮಾಡು ಕಾಣ್ತಲೆ!" ಎಂದು ಮೇಲಿನ ಸೂರು ನೋಡಿದಳು.

ಆದರೆ ನಮಗೆ ನಿಜವಾದ ಕಾಯುವಿಕೆ ಆಗ ಶುರುವಾದದ್ದು. ವೆಂಕ್ಟನ ಗಾಯವೂ ಹೀಗೇ ಚೊಕ್ಕವಾಗಿ ಮಾಯುತ್ತಿತ್ತಲ್ಲ. ಧನುರ್ವಾಯು ತಡೆದು ಬರುವ ರೋಗ. ಬೆಳಿಗ್ಗೆ ಎದ್ದವಳೇ ಆಕೆಯ ಮಂಚದ ಹತ್ತಿರ ಹೋಗಿ, "ಆ ಅನ್ನಿ" ಎನ್ನುತ್ತಿದ್ದೆ. ಸಂಜೆ ಮತ್ತೆ, "ಆ ಅನ್ನಿ." ದವಡೆ ಸಲೀಸಾಗಿ ಬಿಡುತ್ತದೆಯೇ ಎಂದು ನೋಡುವುದು. ಆಕೆಗೆ ಬೇಸರ ಬಂತು.

"ಎಂತಾ ಮಾರಾಯ್ತಿ, ಎನ್ನ ಹಲ್ಲು ಎಷ್ಟಿದ್ದು ಹೇಳಿ ಇನ್ನೂ ಲೆಕ್ಕ ಸಿಕ್ಕಿದ್ದಿಲ್ಯಾ?"

ಬುಡನ್‌ಸಾಬ ಒಳಗೆ ಬರುತ್ತಿರಲಿಲ್ಲ. ಹೆಂಗಸರ ವಾರ್ಡು ನೋಡಿ. ಪೊರಕೆ ಹಿಡಿದು ಹೊಸ್ತಿಲ ಹೊರಗೆ ಅದೇ ಜಾಗ ಗುಡಿಸುತ್ತ ನಿಲ್ಲುವನು. ಅಷ್ಟು ಗುಡಿಸಿದರೆ ನೆಲವೇ ಸವೆದೀತು ಅನ್ನುವ ಹಾಗೆ. ನಾನು ಹೊರಗೆ ಬಂದರೆ ಮುಖ ನೋಡುವನು. ನಾನು ತಲೆಯಾಡಿಸಿದರೆ ಗುಡಿಸುವುದು ಮುಂದುವರಿಯುವುದು. ವೆಂಕ್ಟನಿಗೆ ದವಡೆ ಹಿಡಿದ ದಿನದ ಲೆಕ್ಕ ದಾಟಿತು. ಅದರಾಚೆಗೂ ದಿನಗಳು ಹೋದವು. ಡಾಕ್ಟರು ಮಾತ್ರ ಇನ್ನೂ ಹೇಳಲು ಬರುವುದಿಲ್ಲ ಎನ್ನುತ್ತಲೇ ಇದ್ದರು.

ಒಂದು ಮಧ್ಯಾಹ್ನ, ಬೇಸಿಗೆಯ ಧಗೆ. ಮಾದೇವಿಯಮ್ಮ ಗಂಜಿ ಉಂಡು ದಿಂಬಿಗೆ ಒರಗಿದ್ದಳು. ನಾನು ಹೊಲಿಗೆ ಬಿಚ್ಚುವ ಸಾಮಾನು ಜೋಡಿಸುತ್ತಿದ್ದೆ, ಬಾಗಿಲಲ್ಲಿ ಪೊರಕೆಯ ಸದ್ದು. ಯಾರೂ ಆಕೆಗೆ "ಆ ಅನ್ನಿ" ಎಂದಿರಲಿಲ್ಲ. ತಾನಾಗಿಯೇ ಎರಡೂ ತೋಳನ್ನು ತಲೆಯ ಹಿಂದೆ ಚಾಚಿ, ಕಣ್ಣು ಮುಚ್ಚಿ, ಕಿರುನಾಲಗೆ ಕಾಣುವಷ್ಟು ದೊಡ್ಡ ಬಾಯಿ ತೆರೆದು, ಸದ್ದು ಮಾಡಿ ಆಕಳಿಸಿದಳು. ಇಡೀ ವಾರ್ಡಿಗೆ ಕೇಳುವಂಥ ಆಕಳಿಕೆ.

ಪೊರಕೆಯ ಸದ್ದು ನಿಂತಿತು.

ತಿರುಗಿ ನೋಡಿದೆ. ಬುಡನ್‌ಸಾಬ ಹೊಸ್ತಿಲಾಚೆ ನೆಲದ ಮೇಲೆ ಕುಸಿದು ಕೂತು, ಟೊಪ್ಪಿಗೆಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕುತ್ತಿದ್ದ. ಆಕಳಿಕೆ ಅಂಟುರೋಗ ಅಲ್ಲವೇ, ಅಷ್ಟರಲ್ಲಿ ಅವನಿಗೂ ಬಂತು. ಬಿಕ್ಕುವುದರ ನಡುವೆಯೇ ಟೊಪ್ಪಿಗೆ ಸರಿಸಿ, ಕಣ್ಣೀರು ಇಳಿಯುತ್ತಿರುವಂತೆ ಬಾಯಿ ತೆರೆದು ಆಕಳಿಸಿದ. ಅವನನ್ನು ನೋಡಿ ನಾನೂ ಆಕಳಿಸಿದೆ.

"ಎಂತ ಆತು ನಿಂಗಕ್ಕೆ?" ಎಂದು ಮಾದೇವಿಯಮ್ಮ ಒಂದು ಕಣ್ಣು ತೆರೆದು ಕೇಳಿದಳು. "ಹಗಲು ಹೊತ್ತಲ್ಲಿ ಆನೊಬ್ಬಳು ನಿದ್ದೆ ಮಾಡಿರೆ ಆಗ್ತಿಲ್ಯಾ?"

"ಮಾಡಿ ಅಮ್ಮ" ಎಂದು ಬುಡನ್‌ಸಾಬ ಹೊರಗಿನಿಂದ ಹೇಳಿದ. "ಮಲಕೊಳ್ಳಿ. ನಾ ಸದ್ದು ಮಾಡೂದಿಲ್ಲ."